ಹೊಳೆ ಇಳಿದ ಮೇಲಿನ 15 ದಿನ

ಮಾನ್ಯ ಸಂಪಾದಕರೇ,

ಶಿವಮೊಗ್ಗದಲ್ಲಿ ತುಂಗೆಯ ಉತ್ತರ ದಂಡೆ ಸಂಜೆ ಹೊತ್ತು ಊರಿನ ಜಗಲಿ ಇದ್ದ ಹಾಗೆ. ಆಫೀಸು ಮುಗಿಸಿ ಬಂದವರು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಂದಿರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಕಾಲೇಜು ಹುಡುಗರು, ಎಲ್ಲರಿಗೂ ಒಂದೇ ದಾರಿ. ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರಲ್ಲಿ. ಆ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಕಟ್ಟುವುದಕ್ಕೆ ಮೇಲಿನಿಂದ ದುಡ್ಡು ಬರುತ್ತಿದ್ದ ಕಾಲ ಹೋಗಿ, ಕಟ್ಟಿದ್ದನ್ನು ಉಳಿಸಿಕೊಳ್ಳಲು ಊರೇ ದುಡ್ಡು ಎತ್ತಿಡುವ ಕಾಲ ಬಂದಿದೆ. ಎತ್ತಿಟ್ಟ ದುಡ್ಡನ್ನು ಯಾವಾಗ, ಯಾವುದಕ್ಕೆ ಖರ್ಚು ಮಾಡಬೇಕು ಎನ್ನುವುದಷ್ಟೇ ಈ ಪತ್ರದ ವಿಷಯ.

ಹೊಳೆದಂಡೆಯ ನಡಿಗೆದಾರಿಯನ್ನು ಪಾರ್ಕಿನ ಲೆಕ್ಕಕ್ಕೆ ಸೇರಿಸಿ, ದಿನಾ ಗುಡಿಸಿ ಗಿಡಕ್ಕೆ ನೀರು ಹಾಕುವ ಗುತ್ತಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು ಎಲ್ಲ ಊರುಗಳಲ್ಲೂ ನಡೆಯುವ ತಪ್ಪು. ಪಾರ್ಕಿನೊಳಗೆ ಹೊಳೆ ನುಗ್ಗುವುದಿಲ್ಲ. ದಂಡೆ ಹಾಗಲ್ಲ, ಅದು ಹೊಳೆಯ ಪಾತ್ರದ ಅಂಚು, ಮಳೆಗಾಲದಲ್ಲಿ ಹೊಳೆ ಬಂದು ತನ್ನ ಜಾಗ ಕೇಳುತ್ತದೆ. ಮಲೆನಾಡಿನ ದಂಡೆಯೊಂದು ಹತ್ತು ವರ್ಷ ಬಾಳುತ್ತದೋ ಮೂರೇ ವರ್ಷಕ್ಕೆ ಬಾಯಿ ಬಿಡುತ್ತದೋ ಎಂಬುದು ನೆರೆ ಇಳಿದ ಮೊದಲ 15 ದಿನದ ಕೆಲಸದ ಮೇಲೆ ನಿಂತಿದೆ.

ಮೊದಲು ಹೊಳೆಯ ಲೆಕ್ಕ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶೃಂಗೇರಿ, ತೀರ್ಥಹಳ್ಳಿ ದಾಟಿ ಗಾಜನೂರಿಗೆ ಬರುತ್ತದೆ. ಶಿವಮೊಗ್ಗದಲ್ಲಿ ಹೊಳವಾಗಿ ಬಿಸಿಲು ಬಿದ್ದಿದ್ದರೂ ಘಟ್ಟದ ಅಂಚಿನಲ್ಲಿ ಪುನರ್ವಸು, ಪುಷ್ಯ ಮಳೆ ಹೊಯ್ಯುತ್ತಿದ್ದರೆ ಇಲ್ಲಿ ನೀರು ಏರುತ್ತದೆ. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ ಅಡಿ ಮಾತ್ರ. 50,000 ಕ್ಯೂಸೆಕ್ ಒಳಹರಿವು ಬಂದರೆ ಪೂರ್ತಿ ಖಾಲಿ ಇದ್ದ ಜಲಾಶಯವೂ 18 ಗಂಟೆಯಲ್ಲಿ ತುಂಬುತ್ತದೆ. ಹಾಗಾಗಿ ಅದು ನೆರೆಯನ್ನು ಹಿಡಿದಿಡುವ ಅಣೆಕಟ್ಟಲ್ಲ, ಬಂದ ನೀರನ್ನು ಬಂದ ಹಾಗೆ ಮುಂದಕ್ಕೆ ಬಿಡಲೇಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. 50,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ 14 ಲಕ್ಷ ಲೀಟರ್. ಗಾಜನೂರಿನಿಂದ ಊರಿಗೆ ಸುಮಾರು 12 ಕಿಲೋಮೀಟರ್. ನೀರು ಸೆಕೆಂಡಿಗೆ ಒಂದೂವರೆಯಿಂದ ಎರಡು ಮೀಟರ್ ಓಡಿದರೆ, ಗೇಟು ಎತ್ತಿದ ಎರಡು ಗಂಟೆಯ ಆಸುಪಾಸಿನಲ್ಲಿ ಅದು ನಮ್ಮ ಮೆಟ್ಟಿಲ ಬುಡದಲ್ಲಿರುತ್ತದೆ. ನಾಲ್ಕು ಗಂಟೆಗೆ ಗೇಟು ಎತ್ತಿದರೆ ಆರು ಗಂಟೆಗೆ, ಸರಿಯಾಗಿ ವಾಕಿಂಗ್ ಹೊತ್ತಿಗೆ.

ಇದನ್ನು ಅಳೆಯಲು ಊರಿಗೆ ಒಂದು ಹಳೆಯ ಅಳತೆಗೋಲು ಇದ್ದೇ ಇದೆ: ಕೋರ್ಪಲಯ್ಯನ ಛತ್ರದ ಬಳಿ ನದಿಯೊಳಗಿನ ಕಲ್ಲಿನ ಮಂಟಪ. ಮಂಟಪ ಮುಳುಗಿತು ಎಂದರೆ ಹೊಳೆ ತುಂಬಿತು ಎಂದೇ ಅರ್ಥ, ಅದಕ್ಕೆ ಬೇರೆ ಪ್ರಕಟಣೆ ಬೇಕಿಲ್ಲ. ಆದರೆ ಮಂಟಪದ ಕಂಬ ಎಷ್ಟು ಮುಳುಗಿದರೆ ನಡಿಗೆದಾರಿಯ ಯಾವ ಭಾಗಕ್ಕೆ ನೀರು ಬರುತ್ತದೆ ಎಂಬ ಪಟ್ಟಿ ದಂಡೆಯ ಮೇಲೆ ಇರಬೇಕು. ಒಂದು ಮಳೆಗಾಲ, ಒಬ್ಬ ಮನುಷ್ಯ, ಒಂದು ನೋಟ್‌ಬುಕ್ ಸಾಕು. ಗಾಜನೂರಿನ ಹೊರಹರಿವು, ಹೊತ್ತು, ಮಂಟಪದ ನೀರಿನ ಮಟ್ಟ, ಮುಳುಗಿದ ಮೆಟ್ಟಿಲುಗಳ ಸಂಖ್ಯೆ, ಈ ನಾಲ್ಕನ್ನು ಬರೆದಿಟ್ಟರೆ ಮುಂದಿನ ವರ್ಷಕ್ಕೆ ಎಚ್ಚರಿಕೆಯ ಫಲಕ ಸಿದ್ಧ.

ಇನ್ನು ಗೋಡೆ. ತಡೆಗೋಡೆಗೆ ಗಂಡಾಂತರ ಇರುವುದು ನೆರೆ ಏರಿದಾಗ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ನಿಜವಾದ ಗಂಡಾಂತರ ನೆರೆ ಇಳಿಯುವಾಗ. ಹೊಳೆ ತುಂಬಿದ್ದಾಗ ಗೋಡೆಯ ಮುಂದೆಯೂ ನೀರು, ಹಿಂದಿನ ಮಣ್ಣಿನಲ್ಲೂ ನೀರು. ಎರಡೂ ಕಡೆ ಒತ್ತಡ ಸಮ. ಮೇಲೆ ಮಳೆ ನಿಂತು ಗೇಟು ಇಳಿಸಿದರೆ ಮುಂದಿನ ನೀರು ಕೆಲವೇ ಗಂಟೆಗಳಲ್ಲಿ ಕೆಳಗೆ ಹೋಗುತ್ತದೆ, ಹಿಂದಿನ ಮಣ್ಣಿನೊಳಗಿನ ನೀರು ಮಾತ್ರ ಅಲ್ಲೇ ಕೂತಿರುತ್ತದೆ. ಗೋಡೆಯ ಹಿಂದೆ 2 ಮೀಟರ್ ಎತ್ತರಕ್ಕೆ ನೀರು ಸಿಕ್ಕಿಕೊಂಡರೆ ಬುಡದಲ್ಲಿ ಚದರ ಮೀಟರಿಗೆ 2 ಟನ್ ಒತ್ತಡ. ಗೋಡೆಯ ಪ್ರತಿ ಮೀಟರ್ ಉದ್ದವನ್ನೂ ನೀರೊಂದೇ 2 ಟನ್ ಬಲದಲ್ಲಿ ಹೊಳೆಯ ಕಡೆ ನೂಕುತ್ತದೆ. ಮಣ್ಣಿನ ಭಾರ ಬೇರೆ.

ಆ ನೀರು ಹೊರಬರಲೆಂದೇ ಗೋಡೆಯಲ್ಲಿ ಬಸಿರಂಧ್ರ ಬಿಟ್ಟಿರುತ್ತಾರೆ. ಸಾಮಾನ್ಯವಾಗಿ 75ರಿಂದ 100 ಮಿಲಿಮೀಟರ್ ಪಿವಿಸಿ ಪೈಪು, ಒಂದರಿಂದ ಒಂದೂವರೆ ಮೀಟರಿಗೊಂದು. ಹೊಳೆ ಇಳಿದ ಮಾರನೇ ದಿನ ಇವುಗಳ ಬಾಯಿ ನೋಡಿಕೊಂಡು ಬಂದರೆ ಗೋಡೆಯ ಆರೋಗ್ಯ ತಿಳಿಯುತ್ತದೆ. ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಸರಿಯಾಗಿದೆ. ಕೆಂಪು ನೀರು ಬರುತ್ತಿದ್ದರೆ ಹಿಂದಿನ ಮಣ್ಣೇ ಕರಗಿ ಬರುತ್ತಿದೆ. ನೀರು ಬಿಟ್ಟು ಮಣ್ಣು ತಡೆಯಲು ಒಳಗೆ ಹಾಸಿದ ಜಿಯೋಟೆಕ್ಸ್‌ಟೈಲ್ ಬಟ್ಟೆ ಹರಿದಿರಬೇಕು, ಇಲ್ಲವೇ ಜಲ್ಲಿಯ ಪದರವನ್ನೇ ಹಾಕದೆ ಮಣ್ಣು ತುಂಬಿರಬೇಕು. ಅಕ್ಕಪಕ್ಕದ ರಂಧ್ರಗಳೆಲ್ಲ ಸುರಿಯುತ್ತಿದ್ದು ಒಂದು ಮಾತ್ರ ಒಣಗಿದ್ದರೆ ಅದು ಕಟ್ಟಿಕೊಂಡಿದೆ ಎಂದು ಲೆಕ್ಕ. ಹಾಗೆ ಕಟ್ಟಿದ ರಂಧ್ರಕ್ಕೆ ತುದಿ ಮೊಂಡಾದ ಸರಳನ್ನು ಮೆಲ್ಲಗೆ ಆಡಿಸಿ ಗಸಿ ತೆಗೆಯಬೇಕು. ಚೂಪು ಸರಳು ಹಾಕಿ ಗುದ್ದಿದರೆ ಬಟ್ಟೆ ಹರಿದು, ಇವತ್ತು ಒಣಗಿದ್ದ ರಂಧ್ರ ನಾಳೆ ಕೆಂಪು ನೀರು ಕಾರುತ್ತದೆ.

ಕೆಂಪು ನೀರು ಬಂದ ಕಡೆ ಮೇಲಿನ ದಾರಿಯಲ್ಲಿ ಹಾರೆಯ ಹಿಡಿಯಿಂದ ಕುಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ನೆಲದಡಿ ಗುಳಿಯಾಗಿದೆ. ಮೇಲಿನ ಇಂಟರ್‌ಲಾಕ್ ಬ್ಲಾಕುಗಳು ಒಂದಕ್ಕೊಂದು ಕಚ್ಚಿಕೊಂಡು ಸ್ವಲ್ಪ ಕಾಲ ಸೇತುವೆಯ ಹಾಗೆ ನಿಂತಿರುತ್ತವೆ, ಆಮೇಲೆ ಯಾರದ್ದೋ ಕಾಲಡಿ ಕುಸಿಯುತ್ತವೆ. ಆ ಗುಳಿಗೆ ಒಂದು ಲೋಡು ಮಣ್ಣು ತಂದು ಸುರಿಯುವುದು ಎಲ್ಲಕ್ಕಿಂತ ಸುಲಭದ, ಎಲ್ಲಕ್ಕಿಂತ ನಿಷ್ಪ್ರಯೋಜಕ ರಿಪೇರಿ. ಮುಂದಿನ ನೆರೆಗೆ ಅದೂ ಅದೇ ರಂಧ್ರದಲ್ಲಿ ಹೊಳೆ ಸೇರುತ್ತದೆ. ಬ್ಲಾಕು ಎತ್ತಿ, ಅಗೆದು, ಹೊಸ ಬಟ್ಟೆ ಹಾಸಿ, ಜಲ್ಲಿ ತುಂಬಿ, ಪದರ ಪದರವಾಗಿ ದಮ್ಮಸು ಹೊಡೆಯಬೇಕು. ಬಿರುಕು ಕಂಡರೆ ಅದರ ಮೇಲೆ ಅಡ್ಡಲಾಗಿ ತೆಳು ಸಿಮೆಂಟ್ ಗಾರೆಯ ಪಟ್ಟಿ ಬಳಿದು ತಾರೀಕು ಬರೆದಿಡಿ. ಪಟ್ಟಿ ಒಡೆದರೆ ಗೋಡೆ ಇನ್ನೂ ಅಲುಗಾಡುತ್ತಿದೆ ಎಂದರ್ಥ, ಎಂಜಿನಿಯರನ್ನು ಕರೆಸಬೇಕು. ಒಡೆಯದೆ ಒಂದು ಮಳೆಗಾಲ ಕಳೆದರೆ ಬಿರುಕು ಮುಚ್ಚಿದರೆ ಸಾಕು.

ಗೋಡೆಯ ಬದಲು ತಂತಿಬುಟ್ಟಿಯ ಕಲ್ಲುಕಟ್ಟು ಇರುವ ಕಡೆ ಈ ತೊಂದರೆ ಕಡಿಮೆ, ನೀರು ಸಂದಿಯಲ್ಲೇ ಇಳಿಯುತ್ತದೆ. ಅಲ್ಲಿ ನೋಡಬೇಕಾದ್ದು ಕಲ್ಲಿನ ಜಾತಿ. ಬಲೆಯ ಕಣ್ಣು 10 ಸೆಂಟಿಮೀಟರ್ ಇದ್ದರೆ ಕಲ್ಲು 15ರಿಂದ 25 ಸೆಂಟಿಮೀಟರ್ ಇರಬೇಕು, ಗಟ್ಟಿ ಕಪ್ಪುಕಲ್ಲೇ ಆಗಬೇಕು. ಹತ್ತಿರದಲ್ಲಿ ಸಿಗುತ್ತದೆಂದು ಜಂಬಿಟ್ಟಿಗೆ ತುಂಬಿದರೆ ಅದು ನೀರಿಗೆ ಸವೆದು ಕಣ್ಣಿನಿಂದ ಉದುರಿ ಬುಟ್ಟಿ ಸೊರಗುತ್ತದೆ. ಒಂದು ತಂತಿ ತುಂಡಾದದ್ದು ಕಂಡರೆ ಅವತ್ತೇ ಹೆಣೆದು ಕಟ್ಟಬೇಕು. ಇನ್ನೊಂದು ಮಾತು: ಆ ಕಲ್ಲುಸಂದಿಗಳು ನೆರೆಯಲ್ಲಿ ತೇಲಿ ಬಂದ ಹಾವುಗಳಿಗೆ ಒಳ್ಳೆಯ ಮನೆ. ಕತ್ತಲಾದ ಮೇಲೆ ಮಕ್ಕಳನ್ನು ಅದರ ಮೇಲೆ ಕೂರಿಸಬಾರದು.

ಈಗ ಗೋಡುಮಣ್ಣಿಗೆ ಬರೋಣ. ನೀರು ಇಳಿದಾಗ ದಾರಿಯ ಮೇಲೆ ಉಳಿಯುವ ಗೋಡು ಮೊದಲ ದಿನ ಮೊಸರಿನ ಹಾಗಿರುತ್ತದೆ, ರಬ್ಬರ್ ಪಟ್ಟಿಯ ವೈಪರಿನಲ್ಲಿ ನೂಕಿದರೆ ಜಾರಿಕೊಂಡು ಹೋಗುತ್ತದೆ. ಮೂರು ದಿನ ಬಿಸಿಲು ಕಂಡಿತೋ, ಸುಡದ ಇಟ್ಟಿಗೆ. ಆಮೇಲೆ ಗುದ್ದಲಿಯೇ ಬೇಕು, ಗುದ್ದಲಿ ಬಿದ್ದಲ್ಲಿ ಬ್ಲಾಕಿನ ಅಂಚು ಹಾರುತ್ತದೆ. ಬೆರಳಲ್ಲಿ ತಿಕ್ಕಿ ನೋಡಿದರೆ ಗೊತ್ತಾಗುತ್ತದೆ, ಅದರಲ್ಲಿ ಮರಳು ಕಡಿಮೆ, ಹಿಟ್ಟಿನಂಥ ನುಣುಪು ಹೆಚ್ಚು. ಈ ಹಿಟ್ಟು ಬ್ಲಾಕುಗಳ ಸಂದಿಗೆ ಇಳಿದರೆ ನೀರು ಇಂಗುವುದು ನಿಲ್ಲುತ್ತದೆ. ನೀರು ನಿಂತಲ್ಲಿ ಹಾವಸೆ ಹುಟ್ಟುತ್ತದೆ.

ಪ್ರಮಾಣ ಎಷ್ಟೆಂದು ಯಾರೂ ಲೆಕ್ಕ ಹಾಕದೆ ನಾಲ್ಕು ಪೊರಕೆ, ಎರಡು ಪುಟ್ಟಿ ಕೊಟ್ಟು ಕಳಿಸುತ್ತಾರೆ. 3 ಮೀಟರ್ ಅಗಲದ ದಾರಿಯಲ್ಲಿ 2 ಸೆಂಟಿಮೀಟರ್ ಗೋಡು ಕೂತರೆ ಕಿಲೋಮೀಟರಿಗೆ 60 ಘನ ಮೀಟರ್. ನೂರು ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರಿಗೆ ಇದು 21 ಲೋಡು. ಆದರೆ ಟ್ರ್ಯಾಕ್ಟರನ್ನು ದಾರಿಯ ಮೇಲೆ ಹತ್ತಿಸುವ ಹಾಗಿಲ್ಲ: ಜನ ನಡೆಯಲೆಂದು ಹಾಕುವ ಬ್ಲಾಕು 60 ಮಿಲಿಮೀಟರ್ ದಪ್ಪ, ವಾಹನ ಓಡಾಡಬೇಕಾದರೆ 80 ಬೇಕು. ನೆರೆಗೆ ಮುರಿಯದ ದಾರಿ ನೆರೆಯ ಕೆಸರು ಒಯ್ಯಲು ಬಂದ ಗಾಡಿಗೆ ಮುರಿಯುತ್ತದೆ. ಇನ್ನು ಕೈಗಾಡಿಯಲ್ಲಿ ಸಾಗಿಸಿದರೆ, 65 ಲೀಟರಿನ ಗಾಡಿಗೆ 900ಕ್ಕೂ ಹೆಚ್ಚು ಸರತಿ. ಅದಕ್ಕೇ ಮೊದಲ ಎರಡು ದಿನ, ಗೋಡು ಇನ್ನೂ ತೆಳ್ಳಗಿರುವಾಗ, ಪಂಪಿನಲ್ಲಿ ಹೊಳೆಯ ನೀರನ್ನೇ ಎತ್ತಿ ಪೈಪಿನಿಂದ ತೊಳೆಯುವುದು ಅಗ್ಗ. ಗಾಜಿನ ಚೂರು, ಪ್ಲಾಸ್ಟಿಕ್, ಬಟ್ಟೆ ಮುಂತಾದ್ದನ್ನು ಮೊದಲು ದಪ್ಪ ಕೈಗವಸು ಹಾಕಿಕೊಂಡು ಆರಿಸಿ ತೆಗೆಯಬೇಕು. ಮೇಲಿನ ಮೆಟ್ಟಿಲಿನಿಂದ ಶುರು ಮಾಡಿ ಕೆಳಕ್ಕೆ ಬರಬೇಕು. ಮಳೆನೀರಿನ ಚರಂಡಿಯ ಜಾಲರಿಗೆ ಗೋಣಿತಾಟು ಮುಚ್ಚಿರಬೇಕು, ಇಲ್ಲದಿದ್ದರೆ ದಾರಿಯ ಗೋಡು ಚರಂಡಿಗೆ ವರ್ಗವಾಗುತ್ತದೆ ಅಷ್ಟೇ. ಬಟ್ಟೆ ಒಗೆಯುವವರ ಮೆಟ್ಟಿಲನ್ನೂ ಇದೇ ಸರತಿಯಲ್ಲಿ ತೊಳೆಯಬೇಕು. ದಂಡೆ ಚಂದವಾದ ಮೇಲೆ ಅವರು ಹೊಳೆಗೆ ಇಳಿಯುವುದೇ ಕಷ್ಟವಾಗಬಾರದು.

ತೊಳೆದು ಒಣಗಿದ ಮೇಲೆ ಸಂದಿಗಳಿಗೆ ಒಣ ಮರಳು ಅಥವಾ ಎಂ-ಸ್ಯಾಂಡ್ ಚೆಲ್ಲಿ ಪೊರಕೆಯಿಂದ ತುಂಬಬೇಕು. ಇದನ್ನು ಬಿಟ್ಟರೆ ಬ್ಲಾಕುಗಳು ಅಲ್ಲಾಡತೊಡಗುತ್ತವೆ. ಒಂದು ಅಲ್ಲಾಡಿದರೆ ಪಕ್ಕದ್ದೂ ಅಲ್ಲಾಡುತ್ತದೆ.

ಹಾವಸೆಯ ವಿಚಾರ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಅಂಗಳಕ್ಕೆ ಅಡಕೆ ದಬ್ಬೆ ಹಾಸಿ ಬದುಕಿದ ಜನ ನಾವು. ಆದರೂ ಹೊಳೆದಂಡೆಯಲ್ಲಿ ಪಾಲಿಶ್ ಮಾಡಿದ ಗ್ರಾನೈಟ್ ಹಾಕುವ ಚಾಳಿ ನಿಲ್ಲುತ್ತಿಲ್ಲ. ಉಳಿಯಲ್ಲಿ ಒರಟು ಹೊಡೆದ ಕಲ್ಲೇ ಅಲ್ಲಿ ಬೇಕು. ಈಗಾಗಲೇ ಪಾಲಿಶ್ ಕಲ್ಲು ಇರುವ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಗೀರು ಹೊಡೆಸಬಹುದು. ಹಾವಸೆ ತೆಗೆಯಲು ಬ್ಲೀಚಿಂಗ್ ಪೌಡರ್ ಎರಚಬೇಡಿ. ಮನೆಯ ಅಂಗಳಕ್ಕೆ ಅದು ಸರಿ, ಇಲ್ಲಿ ಮೊದಲ ಮಳೆಗೇ ಕ್ಲೋರಿನ್ ಹೊಳೆಗಿಳಿದು ಮೀನಿಗೆ ಹೊಡೆಯುತ್ತದೆ. ಒರಟು ಮರಳು ಚೆಲ್ಲಿ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿದರೆ ಸಾಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಅದೂ ಮರದ ನೆರಳು ಬೀಳುವ ಕಡೆ.

ವಿದ್ಯುತ್ತಿನ ಕೆಲಸವನ್ನು ಇಷ್ಟು ತಡವಾಗಿ ಹೇಳುತ್ತಿದ್ದರೂ ಅದು ಮಾಡಬೇಕಾದ ಮೊದಲ ಕೆಲಸ. ಹೊಳೆ ಏರುವ ಮುನ್ಸೂಚನೆ ಬಂದ ಕೂಡಲೇ ಕೆಳದಾರಿಯ ದೀಪಗಳ ಸರ್ಕ್ಯೂಟನ್ನು ಬಂದ್ ಮಾಡಬೇಕು. ಇಳಿದ ಮೇಲೆ ಸ್ವಿಚ್ಚು ಒತ್ತಿ ಉರಿದರೆ ಸರಿಯಾಗಿದೆ ಎಂದುಕೊಳ್ಳುವುದೇ ಅಪಾಯ. ಒಳಗೆ ತೇವ ಇದ್ದರೂ ದೀಪ ಉರಿಯುತ್ತದೆ, ಜೊತೆಗೆ ಕಂಬಕ್ಕೂ ಕರೆಂಟು ಇಳಿಯುತ್ತದೆ. ಕಂಬದ ಬುಡದ ಮುಚ್ಚಳ ಬಿಚ್ಚಿ, ಗೋಡು ತೆಗೆದು, ಒಣಗಿಸಿ, ತಂತಿಯ ಹೊದಿಕೆ ಕರೆಂಟು ಸೋರದಂತೆ ತಡೆಯುತ್ತಿದೆಯೇ ಎಂದು ಅಳೆಯುವ ಮೆಗ್ಗರ್ ಹಿಡಿದು ನೋಡಬೇಕು. ಇನ್ಸುಲೇಷನ್ ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಸರ್ಕ್ಯೂಟಿಗೆ ಕರೆಂಟು ಕೊಡಬಾರದು. ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆಯೆಂದು ಅದನ್ನೇ ಬೈಪಾಸ್ ಮಾಡುವ ಎಲೆಕ್ಟ್ರಿಷಿಯನ್ ಇದ್ದರೆ ಅವನನ್ನು ಅವತ್ತೇ ಕೆಲಸದಿಂದ ಬಿಡಿಸಬೇಕು. ಅದು ಬೀಳುತ್ತಿರುವುದೇ ಯಾರೋ ಒಬ್ಬರ ಜೀವ ಉಳಿಸಲು. ಜಂಕ್ಷನ್ ಬಾಕ್ಸುಗಳನ್ನು 2019ರ ಆಗಸ್ಟಿನ ನೆರೆಯ ಗುರುತಿಗಿಂತ ಮೇಲಕ್ಕೆ ಎತ್ತಿದರೆ ಈ ಕೆಲಸ ಅರ್ಧ ಇಳಿಯುತ್ತದೆ. ಕಂಬ ಮುಟ್ಟಿದಾಗ ಜುಮ್ಮೆಂದರೆ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ, ಉಳಿದವರು ಅದರ ಹತ್ತಿರ ಬರದಂತೆ ನೋಡಿಕೊಳ್ಳಿ.

ದೀಪ ಹೊತ್ತಿಸುವ ಸಮಯವೂ ವರ್ಷವಿಡೀ ಒಂದೇ ಇರಬಾರದು. ನಮ್ಮಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ಏಳರ ಹತ್ತಿರ, ನವೆಂಬರಿನಲ್ಲಿ ಆರಕ್ಕೇ. ಆರೂವರೆಗೆ ಟೈಮರ್ ಕೂರಿಸಿದರೆ ಬೇಸಿಗೆಯಲ್ಲಿ ಬಿಸಿಲಿಗೆ ದೀಪ, ಕಾರ್ತಿಕದಲ್ಲಿ ಅರ್ಧ ಗಂಟೆ ಕತ್ತಲು. ಸೂರ್ಯಾಸ್ತದ ಲೆಕ್ಕವನ್ನು ತಾನೇ ಹಾಕಿಕೊಳ್ಳುವ ಟೈಮರುಗಳು ಮಾರುಕಟ್ಟೆಯಲ್ಲಿವೆ. ಬೆಳಕು ಹಳದಿ ಛಾಯೆಯದಾಗಿರಲಿ, 3,000 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆ. ಬೆಳ್ಳನೆ ದೀಪಕ್ಕೆ ಮುತ್ತುವಷ್ಟು ಹಾತೆ ಇದಕ್ಕೆ ಮುತ್ತುವುದಿಲ್ಲ. ಬೆಳಕು ಕಾಲಿನ ಕಡೆ ಬೀಳಬೇಕೇ ಹೊರತು ನೀರಿನ ಮೇಲಲ್ಲ.

ಸಂಜೆಯ ವಾಸನೆಗೂ ಕಾರಣ ಇದೆ. ಗಾಳಿ ನಿಂತು ತಂಪಾದಾಗ ಕೊಳಚೆಯ ಅನಿಲ ಮೇಲೇಳದೆ ನೀರಿನ ಮಟ್ಟದಲ್ಲೇ ಕೂರುತ್ತದೆ. ಮಧ್ಯಾಹ್ನ ಬಂದು ಪರಿಶೀಲನೆ ಮಾಡಿದವರಿಗೆ ಅದು ಸಿಗುವುದೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ, ಪಂಪು ಎತ್ತುವ ಮುಂಚೆ ಕೊಳಚೆ ಸೇರುವ ಒಳಚರಂಡಿಯ ಬಾವಿಯಾದ ವೆಟ್‌ವೆಲ್‌ನಲ್ಲಿ ಕೊಳಚೆ ಹೆಚ್ಚು ಹೊತ್ತು ನಿಂತಿದೆ ಎಂದು ತಿಳಿಯಬೇಕು. ಅಲ್ಲಿ ಅದು ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬಾರದು. ಕರೆಂಟು ಹೋಗಿ ಪಂಪು ನಿಂತರೆ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ, ಉಕ್ಕಿದ್ದೆಲ್ಲ ಹೊಳೆಗೇ. ಸ್ನಾನಕ್ಕೆ ಯೋಗ್ಯ ಎನ್ನಬೇಕಾದರೆ ನೀರಿನ ಬಿಒಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. ಈ ಎರಡು ಅಂಕಿಗಳನ್ನು ತಿಂಗಳಿಗೊಮ್ಮೆ ದಂಡೆಯ ಫಲಕದಲ್ಲಿ ಸೀಮೆಸುಣ್ಣದಲ್ಲಿ ಬರೆದರೂ ಸಾಕು, ಎಲ್‌ಇಡಿ ಪರದೆ ಬೇಡ.

ಮಳೆನೀರಿನ ಚರಂಡಿ ಹೊಳೆಗೆ ಸೇರುವ ಬಾಯಿಗಳಲ್ಲಿ ಒಂದೇ ದಿಕ್ಕಿಗೆ ತೆರೆಯುವ ಬಾಗಿಲು ಇರಬೇಕು. ಊರ ನೀರು ಹೊರಗೆ ಹೋಗಬೇಕು, ಹೊಳೆಯ ನೀರು ಒಳಗೆ ಬರಬಾರದು. ಒಂದು ತೆಂಗಿನ ಮಟ್ಟೆಯೋ ಬಾಟಲಿಯೋ ಸಂದಿಗೆ ಸಿಕ್ಕಿಕೊಂಡರೆ ಬಾಗಿಲು ಅರ್ಧ ತೆರೆದೇ ಉಳಿದು, ಎಷ್ಟೇ ಎತ್ತರದ ಗೋಡೆ ಕಟ್ಟಿದ್ದರೂ ಹೊಳೆ ಅದರಡಿಯಿಂದ ಕೇರಿಗಳಿಗೆ ನುಗ್ಗುತ್ತದೆ. ಕುಂಬಾರಗುಂಡಿ, ಸೀಗೆಹಟ್ಟಿಯಂಥ ತಗ್ಗಿನಲ್ಲಿರುವವರಿಗೆ ದಂಡೆಯ ಬೆಂಚಿಗಿಂತ ಈ ಬಾಗಿಲು ಮುಖ್ಯ. ಮೇ ತಿಂಗಳಲ್ಲಿ ಕೀಲಿಗೆ ಗ್ರೀಸ್ ಹಚ್ಚಿ, ಕೈಯಲ್ಲಿ ಎತ್ತಿ ಬಿಟ್ಟು ನೋಡಬೇಕು; ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಸ ಬಿಡಿಸಬೇಕು.

ಗಿಡದ ವಿಷಯ ಚಿಕ್ಕದು. ಇಳಿಜಾರಿಗೆ ಹುಲ್ಲುಹಾಸು ಬೇಡ, ಲಾವಂಚ ಬೇಕು. ಅದರ ಬೇರು ಎರಡು ಮೂರು ಮೀಟರ್ ಇಳಿದು ಮಣ್ಣು ಹಿಡಿಯುತ್ತದೆ. 10ರಿಂದ 15 ಸೆಂಟಿಮೀಟರಿಗೊಂದು ಸಸಿಯಂತೆ ಅಡ್ಡಸಾಲು, ಪ್ರತಿ ಒಂದು ಮೀಟರ್ ಏರಿಗೆ ಒಂದು ಸಾಲು. ವನಮಹೋತ್ಸವದ ಲೆಕ್ಕಕ್ಕೆಂದು ಜುಲೈನಲ್ಲಿ ನೆಟ್ಟರೆ ಮುಂದಿನ ನೆರೆಗೆ ಕೊಚ್ಚಿ ಹೋಗುತ್ತದೆ. ಉತ್ತರೆ, ಹಸ್ತ ಮಳೆಯಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದೊಳಗೆ ನೆಟ್ಟದ್ದು ಬೇಸಿಗೆಗೆ ಮುಂಚೆ ಬೇರು ಬಿಡುತ್ತದೆ. ಮೇಲಿನ ಅಂಚಿಗೆ ಹೊಳೆಮತ್ತಿ, ಹೊಂಗೆ, ನೇರಳೆ. ಕುಂಡ, ಕಾರಂಜಿಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲದಿದ್ದರೆ ಡೆಂಗಿ ಸೊಳ್ಳೆಯನ್ನು ನಾವೇ ಸಾಕಿದಂತೆ.

ಪ್ರವೇಶದಲ್ಲಿ ಬೈಕು ತಡೆಯಲು ಗೂಟ ನೆಡುತ್ತಾರೆ. ಗಾಲಿಕುರ್ಚಿಗೆ 90 ಸೆಂಟಿಮೀಟರ್ ಸಂದಿ ಬೇಕು. ಅಷ್ಟರಲ್ಲಿ ಸ್ಕೂಟರೂ ಆರಾಮಾಗಿ ನುಗ್ಗುತ್ತದೆ. ಸಂದಿ ಕಿರಿದು ಮಾಡಿದರೆ ಸ್ಕೂಟರಿನ ಜೊತೆ ಅಜ್ಜಿಯೂ ಹೊರಗೆ. ಎರಡು ಕಂಬಿಬೇಲಿಯನ್ನು ಹಿಂದುಮುಂದಾಗಿ ನಿಲ್ಲಿಸಿ, ನಡುವೆ ಗಾಲಿಕುರ್ಚಿ ತಿರುಗುವಷ್ಟು, ಒಂದೂವರೆ ಮೀಟರ್ ಬಿಟ್ಟರೆ ಕುರ್ಚಿ ತಿರುಗಿ ಒಳಬರುತ್ತದೆ, ಸ್ಕೂಟರಿನವನು ಇಳಿದು ತಳ್ಳಲೇಬೇಕು. ಒಳಗಿನ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು.

ನಮ್ಮ ಕೋರಿಕೆ ಇಷ್ಟು. ಮುಂದಿನ ಬಜೆಟ್ಟಿನಲ್ಲಿ ದಂಡೆಯ ದಿನನಿತ್ಯದ ಗುತ್ತಿಗೆಯ ಹೊರತಾಗಿ "ನೆರೆ ನಂತರದ ಕೆಲಸ" ಎಂದು ಬೇರೆ ಬಾಬ್ತು ಇಡಬೇಕು. ಪಂಪು, ಪೈಪು, ವೈಪರು, ಕೈಗಾಡಿ, ಮೆಗ್ಗರ್ ಇವನ್ನು ಮೇ ಕೊನೆಯೊಳಗೆ ಒಂದು ಎತ್ತರದ ಶೆಡ್ಡಿನಲ್ಲಿ ತಂದಿಡಬೇಕು, ಹೊಳೆ ಇಳಿದ ಮೇಲೆ ಟೆಂಡರ್ ಕರೆದರೆ ಗೋಡು ಕಾಯುವುದಿಲ್ಲ. ಎತ್ತಿದ ಗೋಡನ್ನು ಎಲ್ಲಿ ಸುರಿಯಬೇಕು ಎಂಬುದನ್ನೂ ಈಗಲೇ ಗೊತ್ತು ಮಾಡಿರಬೇಕು. ಊರ ಕೊಳಚೆ ಬೆರೆತದ್ದಾದ್ದರಿಂದ ತರಕಾರಿ ತೋಟಕ್ಕೆ ಬೇಡ, ರಸ್ತೆ ಬದಿಯ ಸಾಲುಮರಗಳ ಗುಂಡಿಗೆ ಆಗಬಹುದು.

ಇಂತಿ,
ಉತ್ತರ ದಂಡೆಯಲ್ಲಿ ಸಂಜೆ ನಡೆಯುವ, ಕಟ್ಟಡ ಹಾಗೂ ವಿದ್ಯುತ್ ಕೆಲಸ ಬಲ್ಲ ಕೆಲವರು
ಕೋಟೆ ರಸ್ತೆ, ಶಿವಮೊಗ್ಗ